ಗುಜರಿಗೆ ಹಾಕುವ ಮುನ್ನ

ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಕಂಪ್ಯೂಟರ್ ಮರುದಿನವೂ ಎಂದಿನಂತೆಯೇ ತೆರೆದುಕೊಂಡಿತು; ಹಾಗಾಗಿ ಹೆಚ್ಚಿನ ಮನೆಗಳಲ್ಲಿ ಇದು ಯಾರ ಗಮನಕ್ಕೂ ಬರಲಿಲ್ಲ. ಆದರೆ ಹೊಸದಾಗಿ ಪತ್ತೆಯಾಗುವ ದೋಷಗಳಿಗೆ ಅದರಲ್ಲಿ ಎಂದಿನಂತೆ ತೇಪೆ ಬೀಳುವುದಿಲ್ಲ. ವಿಂಡೋಸ್ 11 ಹಾಕೋಣವೆಂದರೆ ಅದು ಟಿಪಿಎಂ 2.0 ಎಂಬ ಚಿಪ್ ಕೇಳುತ್ತದೆ, ಹಳೆಯ ಪ್ರೊಸೆಸರ್‌ಗಳನ್ನು ಒಪ್ಪುವುದಿಲ್ಲ. ಅಂಗಡಿಯವರು "ಹೊಸದು ತೆಗೆದುಕೊಳ್ಳಿ" ಎನ್ನುತ್ತಾರೆ. ಅವರಿಗೆ ಅದು ವ್ಯಾಪಾರ, ನಮಗೆ ಅದು ಮಕ್ಕಳ ಫೀಸಿನ ಹಣ.

ಇನ್ನೊಂದು ದಾರಿ ಲಿನಕ್ಸ್. ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಈ ವ್ಯವಸ್ಥೆ ಉಚಿತ. ವಿಂಡೋಸ್ ಬಳಸಿ ಅಭ್ಯಾಸವಿರುವವರಿಗೆ ಅದರಲ್ಲಿ 'ಲಿನಕ್ಸ್ ಮಿಂಟ್' ಸುಲಭ. 4 ಜಿಬಿ ರ‍್ಯಾಮ್ ಇದ್ದರೆ ಅದರ 'ಎಕ್ಸ್‌ಎಫ್‌ಸಿಇ' ಆವೃತ್ತಿ ಸಾಕು.

ಆದರೆ ಸಹೋದರಿಯರೇ, ಆತುರ ಬೇಡ. ಮದುವೆಯ ಫೋಟೊಗಳು, ತೀರಿಹೋದ ಅಬ್ಬನ ಧ್ವನಿಯಿರುವ ವೀಡಿಯೊ, ಮಕ್ಕಳ ಅಂಕಪಟ್ಟಿ ಎಲ್ಲವೂ ಆ ಒಂದು ಡಿಸ್ಕಿನಲ್ಲಿರುತ್ತವೆ. ಲಿನಕ್ಸ್ ಹಾಕುವಾಗ 'ಇರೇಸ್ ಡಿಸ್ಕ್' ಎಂಬ ಆಯ್ಕೆ ಬರುತ್ತದೆ. ಅದು ಹೆಸರಿಗೆ ತಕ್ಕಂತೆ ಎಲ್ಲವನ್ನೂ ಅಳಿಸುತ್ತದೆ. ಆದ್ದರಿಂದ ಮೊದಲು ಎಲ್ಲವನ್ನೂ ಹೊರಗಿನ ಡಿಸ್ಕಿಗೆ ನಕಲಿಸಿ. ನಕಲಾಯಿತೆಂದು ನೆಮ್ಮದಿಯಾಗಿರದೆ, ಅದನ್ನು ಬೇರೊಂದು ಕಂಪ್ಯೂಟರಿಗೆ ಚುಚ್ಚಿ ನಾಲ್ಕಾರು ಫೈಲುಗಳನ್ನು ತೆರೆದು ನೋಡಿ. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನೂ ಬರೆದುಕೊಳ್ಳಿ. ಡಿಸ್ಕಿಗೆ ಬಿಟ್‌ಲಾಕರ್ ಬೀಗವಿದ್ದರೆ ಅದರ 48 ಅಂಕಿಗಳ ಕೀಲಿಯೂ ಕೈಯಲ್ಲಿರಲಿ.

ಅನಂತರ ಮಿಂಟ್‌ನ ಅಧಿಕೃತ ತಾಣದಿಂದಲೇ ಫೈಲು ಇಳಿಸಿ, ರೂಫಸ್ ಎಂಬ ತಂತ್ರಾಂಶದಿಂದ 8 ಜಿಬಿ ಪೆನ್‌ಡ್ರೈವಿಗೆ ಹಾಕಿ. (ಪೆನ್‌ಡ್ರೈವಿನಲ್ಲಿ ಇದ್ದದ್ದೂ ಅಳಿಸಿಹೋಗುತ್ತದೆ, ನೆನಪಿರಲಿ.) ಆ ಪೆನ್‌ಡ್ರೈವಿನಿಂದಲೇ ಕಂಪ್ಯೂಟರ್ ತೆರೆದರೆ, ಏನನ್ನೂ ಇನ್‌ಸ್ಟಾಲ್ ಮಾಡದೆ ಲಿನಕ್ಸನ್ನು ಬಳಸಿ ನೋಡಬಹುದು. ಸ್ವಲ್ಪ ನಿಧಾನವಿರುತ್ತದೆ, ಅದು ಪೆನ್‌ಡ್ರೈವಿನ ದೋಷ. ವೈಫೈ ಸಿಗುತ್ತದೆಯೇ, ಶಬ್ದ ಕೇಳಿಸುತ್ತದೆಯೇ, ಪ್ರಿಂಟರ್ ಮಾತು ಕೇಳುತ್ತದೆಯೇ ಎಂದು ಇಲ್ಲಿಯೇ ಪರೀಕ್ಷಿಸಿ.

ನನ್ನನ್ನು ಕೇಳಿದರೆ, ಎಲ್ಲಕ್ಕಿಂತ ಸುರಕ್ಷಿತ ಉಪಾಯ ಬೇರೆಯೇ ಇದೆ. ಹಳೆಯ ಹಾರ್ಡ್‌ಡಿಸ್ಕನ್ನು ಬಿಚ್ಚಿ, ವಿಂಡೋಸ್ ಸಮೇತ ಹಾಗೆಯೇ ಕಪಾಟಿನಲ್ಲಿಡಿ. ಅದರ ಜಾಗಕ್ಕೆ ಹೊಸ ಎಸ್‌ಎಸ್‌ಡಿ ಹಾಕಿಸಿ ಅದರಲ್ಲಿ ಲಿನಕ್ಸ್ ಹೂಡಿ. ಸ್ವಲ್ಪ ಖರ್ಚಿದೆ, ಆದರೆ ಯಂತ್ರದ ವೇಗ ಹೆಚ್ಚುತ್ತದೆ. ಒಗ್ಗದಿದ್ದರೆ ಹಳೆಯದನ್ನೇ ಮತ್ತೆ ಜೋಡಿಸಬಹುದು.

ಕನ್ನಡದ ವಿಷಯ ಒಂದಿದೆ. ನುಡಿಯ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ಬರಹಗಳು, ಆ ಫಾಂಟು ಇಲ್ಲದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ವಿಂಡೋಸ್ ಇರುವಾಗಲೇ ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಲಿನಕ್ಸ್‌ನಲ್ಲಿ ಟೈಪ್ ಮಾಡಲು ಐಬಸ್ ಎಂಬ ವ್ಯವಸ್ಥೆಯಲ್ಲಿ ನುಡಿಯದೇ ಕೀಲಿ ವಿನ್ಯಾಸ 'ಕೆಜಿಪಿ' ಹೆಸರಿನಲ್ಲಿ ಸಿಗುತ್ತದೆ. ಬೆರಳುಗಳಿಗೆ ಹೊಸ ಪಾಠ ಬೇಕಿಲ್ಲ. ವರ್ಡ್ ಫೈಲುಗಳನ್ನು ಲಿಬ್ರೆ ಆಫೀಸ್ ತೆರೆಯುತ್ತದೆ, ಅಲ್ಲಲ್ಲಿ ಸಾಲು ಹಿಂದುಮುಂದಾಗಬಹುದು ಅಷ್ಟೆ.

ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಮನೆಗಳು ಮಾತ್ರ ಎರಡು ಬಾರಿ ಯೋಚಿಸಬೇಕು. ಅದು ವಿಂಡೋಸ್‌ಗಾಗಿ ಮಾಡಿದ ತಂತ್ರಾಂಶ.