ಈ ಬೇಸಿಗೆ ಕಬ್ಬಿನ ಸೀಮೆಗೆ!

ಈ ವಾರ ತಾರೆಯರ ಮದುವೆ-ಮುನಿಸು ಒಂದಿಷ್ಟು ಪಕ್ಕಕ್ಕಿರಲಿ, ಗೆಳೆಯರೇ. ಬೇಸಿಗೆ ಬಂತು. ನಮ್ಮ ನಾಲ್ವರ ಪಟಾಲಮ್ಮಿಗೆ ಕಾಲು ನಿಲ್ತಿಲ್ಲ.

ಒಬ್ಬ ಯಾವುದೋ ಇಂಗ್ಲಿಷ್ ಚಿತ್ರ ನೋಡಿ ಬಂದವನು, "ದ್ರಾಕ್ಷಿ ತೋಟ, ವೈನು... ಹೋದ್ರೆ ಅಂಥಾ ಕಡೆ ಹೋಗ್ಬೇಕು ಗುರು" ಅಂದ. ಜೇಬು ತಡಕಿದೆವು. ನಾಲ್ಕೂ ಜೇಬು ಸೇರಿದರೆ ಶ್ರೀರಂಗಪಟ್ಟಣದವರೆಗೆ ಬಸ್ ಚಾರ್ಜು! "ದ್ರಾಕ್ಷಿ ಇಲ್ದಿದ್ರೆ ಕಬ್ಬು ಐತಲ್ಲಯ್ಯ" ಎಂದು ನಾನೇ ತೀರ್ಪು ಕೊಟ್ಟೆ. ಆಲೆಮನೆ ಮುಂದೆ ನಿಂತು ಬಿಸಿ ಬೆಲ್ಲ ನೆಕ್ಕಿದವನಿಗೆ ವೈನು ಯಾಕೆ?

2024ರ ಆಗಸ್ಟ್ ಮೊದಲ ವಾರದಲ್ಲೂ ಹೊರಟಿದ್ದೆವು. ಹಿಂದಿನ ವರ್ಷವೆಲ್ಲ ಬರ. ಆಗ ನೋಡಿದರೆ ಕನ್ನಂಬಾಡಿ ಕಟ್ಟೆ ತುಂಬಿ ಕಾವೇರಿ ಉಕ್ಕಿ ಹರೀತಿದ್ದಳು. ರಂಗನತಿಟ್ಟಿನಲ್ಲಿ ದೋಣಿ ಬಂದ್. ಒದ್ದೆ ಕೋಳಿಗಳ ಹಾಗೆ ವಾಪಸ್ಸು ಬಂದೆವು. ಈ ಸಲ ಮೊದಲು ಅಲ್ಲಿಗೇ.

ಅಲ್ಲಿಂದ ಹೊಸ ಕನ್ನಂಬಾಡಿಯ ವೇಣುಗೋಪಾಲ. ಅಣೆಕಟ್ಟು ಕಟ್ಟಿದಾಗ ಮುಳುಗಿಹೋದ ಗುಡಿ ಅದು. ನೀರು ಬತ್ತಿದಾಗಷ್ಟೇ ತಲೆ ಎತ್ತುತ್ತಿತ್ತು. ಕಲ್ಲು ಕಲ್ಲೂ ಬಿಚ್ಚಿ ತಂದು ದಡದ ಮೇಲೆ ಮತ್ತೆ ಕಟ್ಟಿಸಿದವರು ಯಾರು ಗೊತ್ತೇ? ಪೀಟರ್ ಸ್ಕಾಟ್ ವಿಸ್ಕಿ ಖ್ಯಾತಿಯ ಖೋಡೆಯವರ ಪ್ರತಿಷ್ಠಾನ! ವೈನ್ ಕೇಳಿದ ಗೆಳೆಯನಿಗೆ ಇದು ಹೇಳಿದ ಮೇಲೆ ಅವನ ಭಕ್ತಿ ಹೆಚ್ಚಾಗಿದೆ.

ಕೆ.ಆರ್. ಪೇಟೆ ಕಡೆ ಹೊಸಹೊಳಲಿನ ಹೊಯ್ಸಳ ಗುಡಿ, ಆಮೇಲೆ ಕಿಕ್ಕೇರಿ. ಕೆ.ಎಸ್. ನರಸಿಂಹಸ್ವಾಮಿಯವರು ಹುಟ್ಟಿದ ಊರು. ಅವರ ಕವನಗಳಿಂದಲೇ ನಾಗಾಭರಣ 1992ರಲ್ಲಿ 'ಮೈಸೂರು ಮಲ್ಲಿಗೆ' ತೆಗೆದದ್ದು. ಮರುದಿನ ಮೇಲುಕೋಟೆ. 'ಚಿನ್ನದ ಗೊಂಬೆ'ಯ ಜಯಲಲಿತಾ 1948ರಲ್ಲಿ ಹುಟ್ಟಿದ್ದು ಇಲ್ಲೇ. ಕಲ್ಯಾಣಿ ಮೆಟ್ಟಿಲ ಮೇಲೆ ಕೂತು ಪುಳಿಯೋಗರೆ ಹೊಡೆಯೋದು, ನಾಗಮಂಗಲದ ಸೌಮ್ಯಕೇಶವನಿಗೊಂದು ನಮಸ್ಕಾರ, ಬಸ್ಸು.

ಆದರೆ ಪಟ್ಟಿಯಲ್ಲಿ ನಾನೇ ಹಠ ಹಿಡಿದು ಸೇರಿಸಿದ ಒಂದು ಊರಿದೆ. ಪಾಂಡವಪುರ ತಾಲ್ಲೂಕಿನ ಕನಗನಮರಡಿ.

2018ರ ನವೆಂಬರ್ 24, ಶನಿವಾರ. ಮಧ್ಯಾಹ್ನ ಅಲ್ಲಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿತು. 30 ಜನ ಹೋದರು. ಶಾಲೆ ಮುಗಿಸಿ ಮನೆಗೆ ಹೊರಟ ಮಕ್ಕಳೂ ಇದ್ದರು. ಅದೇ ರಾತ್ರಿ ಅಂಬರೀಶ್ ತೀರಿಕೊಂಡರು. ಮರುದಿನ ಮಂಡ್ಯಕ್ಕೆ ಮಂಡ್ಯವೇ ಅಂಬಿಯ ಕೊನೆಯ ದರ್ಶನಕ್ಕೆ ನಿಂತಿತ್ತು. ನಾನೂ ಅತ್ತೆ. ವಾರಗಟ್ಟಲೆ ಅಂಬಿಯ ಬಗ್ಗೆ ಬರೆದೆ. ಆ ಮೂವತ್ತು ಜನರ ಬಗ್ಗೆ ಒಂದು ಸಾಲು? ಇಲ್ಲ. ಅಭಿಮಾನದಲ್ಲಿ ಮರೆತುಬಿಟ್ಟೆ ಅನ್ನೋದು ಸುಲಭ. ನಿಜ ಹೇಳಬೇಕೆಂದರೆ, ಅದು ಸಿನಿಮಾ ಸುದ್ದಿಯಲ್ಲ ಅಂತ ಬಿಟ್ಟಿದ್ದೆ.

"ಮೋಜಿಗೆ ಹೊರಟವರು ಅಲ್ಲೇನ್ ನೋಡೋದಯ್ಯ?" ಅಂದ ನಮ್ಮ ವೈನ್ ಗೆಳೆಯ. ನೋಡೋಕೇನಿಲ್ಲ. ನಾಲೆ, ನೀರು, ರಸ್ತೆ. ಹತ್ತು ನಿಮಿಷ ಸುಮ್ಮನೆ ನಿಲ್ಲೋಣ ಅಂದೆ. ಅವನು ತುಸು ಹೊತ್ತು ತಲೆ ಕೆರೆದು, ಹಾಗಾದ್ರೆ ಬೈಕು ನಾನು ಓಡ್ಸಲ್ಲ, ಬಸ್ಸಲ್ಲೇ ಹೋಗೋಣ, ಕಿಟಕಿ ಸೀಟು ನನಗೆ ಅಂದ.

ಮುಂದಿನ ಶುಕ್ರವಾರ ಬೆಳಗ್ಗೆ ಹೊರಡೋದು. ಬರುವ ಸಂಚಿಕೆಗೆ ಬರಹ ತಡವಾದರೆ ಸಂಪಾದಕರಿಗೆ ನೀವೇ ಹೇಳಬೇಕು.