ಸರಕು ಇಳಿಯಿತು, ಮನುಷ್ಯ ಇಳಿಯಲಿಲ್ಲ

2020ರ ಜೂನ್ 13ರಂದು ‘ಜಗ್ ಆನಂದ್’ ಎಂಬ ಭಾರತೀಯ ಹಡಗು ಆಸ್ಟ್ರೇಲಿಯಾದ ಕಲ್ಲಿದ್ದಲು ಹೊತ್ತು ಚೀನಾದ ಜಿಂಗ್‌ಟಾಂಗ್ ಬಂದರಿನ ಹೊರಗೆ ಲಂಗರು ಹಾಕಿತು. ಒಳಗಿದ್ದ 23 ಮಂದಿಯೂ ನಮ್ಮವರು. ಇಲ್ಲಿ ಮಳೆಗಾಲ ಮುಗಿಯಿತು, ದೀಪಾವಳಿ ಬಂದು ಹೋಯಿತು, ಹಡಗು ಮಾತ್ರ ನಿಂತಲ್ಲೇ ನಿಂತಿತ್ತು. ಸೆಪ್ಟೆಂಬರಿನಿಂದ 16 ಭಾರತೀಯರಿದ್ದ ‘ಅನಸ್ತೇಸಿಯಾ’ ಹಡಗಿಗೂ ಇದೇ ಗತಿಯಾಯಿತು. ಕೋವಿಡ್ ಕ್ವಾರಂಟೈನ್ ನಿಯಮ ಎಂದಿತು ಚೀನಾ. ಬೇರೆ ಬಂದರಿಗೆ ಹೋಗಬಹುದಿತ್ತಲ್ಲ, ವ್ಯಾಪಾರದ ಲಾಭಕ್ಕಾಗಿ ಹೋಗುತ್ತಿಲ್ಲ ಎಂಬ ಮಾತೂ ಅಲ್ಲಿಂದ ಬಂತು. ಆಸ್ಟ್ರೇಲಿಯಾದೊಂದಿಗಿನ ಜಗಳವೇ ನಿಜವಾದ ಕಾರಣ ಎಂದರು ಉಳಿದವರು. ಕೊನೆಗೆ 2021ರ ಜನವರಿಯಲ್ಲಿ ಜಗ್ ಆನಂದ್ ಕಲ್ಲಿದ್ದಲನ್ನು ಇಳಿಸದೆಯೇ ಜಪಾನಿನ ಚಿಬಾಕ್ಕೆ ಹೋಗಿ ಸಿಬ್ಬಂದಿಯನ್ನು ಬದಲಾಯಿಸಿಕೊಂಡಿತು.

ಆ ಹಡಗಿನಲ್ಲಿ ಕಲ್ಲಿದ್ದಲೂ ಉಳಿಯಿತು, ಜನರೂ ಉಳಿದರು. ಬೇರೆ ಕಡೆಗಳಲ್ಲಿ ಆಗಿದ್ದು ಇನ್ನೂ ವಿಚಿತ್ರ. ಕ್ರೇನುಗಳು ಹಗಲಿರುಳು ಕಂಟೇನರುಗಳನ್ನು ಇಳಿಸಿದವು. ಅವನ್ನು ತಂದವನು ಮಾತ್ರ ಏಣಿ ಇಳಿಯುವಂತಿರಲಿಲ್ಲ. 2020ರ ಕೊನೆಯ ಹೊತ್ತಿಗೆ ಕಾಂಟ್ರಾಕ್ಟ್ ಮುಗಿದರೂ ಹಡಗಿನಲ್ಲೇ ಉಳಿದವರು ಸುಮಾರು 4 ಲಕ್ಷ ಎಂದು ಅಂತರರಾಷ್ಟ್ರೀಯ ಕಡಲ ಸಂಸ್ಥೆ ಅಂದಾಜಿಸಿತು. ಅಷ್ಟೇ ಜನ ಹಡಗು ಹತ್ತಲಾಗದೆ ಊರಲ್ಲಿದ್ದರು. ಮಂಗಳೂರು, ಉಡುಪಿ, ಕಾರವಾರದ ಕಡೆ ಮಗ ‘ಶಿಪ್ಪಿನಲ್ಲಿದ್ದಾನೆ’ ಎಂದರೆ ಮುಂದಿನ ಪ್ರಶ್ನೆ ‘ಸೈನ್ ಆಫ್ ಯಾವಾಗ?’, ಅಂದರೆ ಕಾಂಟ್ರಾಕ್ಟ್ ಮುಗಿಸಿ ಇಳಿಯುವುದು ಯಾವಾಗ. ಆ ವರ್ಷ ಈ ಪ್ರಶ್ನೆಗೆ ಕಂಪನಿಯ ಬಳಿಯೂ ಉತ್ತರವಿರಲಿಲ್ಲ.

ಬಂದರಿನ ಬಾಗಿಲು ಮುಚ್ಚಿದವರನ್ನು ಕಲ್ಲೆದೆಯವರು ಎಂದುಬಿಡುವುದು ಸುಲಭ. ಆದರೆ ಅವರ ಭಯಕ್ಕೆ ಆಧಾರವಿತ್ತು. ಫೆಬ್ರುವರಿಯಲ್ಲಿ ಯೊಕೊಹಾಮಾದಲ್ಲಿ ನಿಂತ ‘ಡೈಮಂಡ್ ಪ್ರಿನ್ಸೆಸ್’ನಲ್ಲಿದ್ದ 3,711 ಮಂದಿಯಲ್ಲಿ 712 ಜನರಿಗೆ ಸೋಂಕು ತಗುಲಿತ್ತು. ಮಾರ್ಚ್ 19ರಂದು ಸಿಡ್ನಿಯಲ್ಲಿ ‘ರೂಬಿ ಪ್ರಿನ್ಸೆಸ್’ನ ಸುಮಾರು 2,700 ಪ್ರಯಾಣಿಕರು ತಡೆಯಿಲ್ಲದೆ ಇಳಿದು ಮನೆಗೆ ಹೋದರು, ಆ ಹಡಗಿನ ನಂಟಿನಿಂದ 28 ಜನ ಸತ್ತರು. (ಪ್ರಯಾಣಿಕರನ್ನು ಬಿಟ್ಟು ತಪ್ಪು ಮಾಡಿದ ಮೇಲೆ, ಸುಮಾರು ಸಾವಿರ ಸಿಬ್ಬಂದಿಯನ್ನು ವಾರಗಟ್ಟಲೆ ಅದೇ ಹಡಗಿನಲ್ಲಿ ಕೂಡಿಟ್ಟರು ಎಂಬುದೂ ಈ ಕಥೆಯ ಭಾಗವೇ.)

ಬಂದರಿನವರ ಪರ ನಿಲ್ಲುವ ಅತಿ ಗಟ್ಟಿ ಸಾಕ್ಷಿ ಹಾಂಗ್‌ಕಾಂಗ್. ನಾವಿಕರ ಕಷ್ಟಕ್ಕೆ ಮರುಗಿ 2020ರ ಜೂನ್‌ನಲ್ಲಿ ಅದು ಬಾಗಿಲು ತೆರೆಯಿತು. ಸರಕಿಲ್ಲದಿದ್ದರೂ ಸರಿ, ಸಿಬ್ಬಂದಿ ಬದಲಾವಣೆಗೆ ಬನ್ನಿ ಎಂದಿತು, ಕ್ವಾರಂಟೈನ್‌ನಿಂದ ವಿನಾಯಿತಿಯನ್ನೂ ಕೊಟ್ಟಿತು. ಜುಲೈನಲ್ಲಿ ಮೂರನೇ ಅಲೆ ಎದ್ದಾಗ ಬೆರಳು ಹೋದದ್ದು ಈ ವಿನಾಯಿತಿ ಪಡೆದ ನಾವಿಕರು ಮತ್ತು ವಿಮಾನ ಸಿಬ್ಬಂದಿಯ ಕಡೆಗೆ. ತಿಂಗಳ ಕೊನೆಗೆ ಬಾಗಿಲು ಮತ್ತೆ ಮುಚ್ಚಿತು. ಕ್ವಾರಂಟೈನ್ ಮಾಡಿಸಿ ಕಳಿಸಿದರೂ ಸಾಲದು ಎಂಬುದಕ್ಕೆ ಪಶ್ಚಿಮ ಆಸ್ಟ್ರೇಲಿಯಾದ ಪೋರ್ಟ್ ಹೆಡ್‌ಲ್ಯಾಂಡ್ ಉದಾಹರಣೆ. ಸೆಪ್ಟೆಂಬರಿನಲ್ಲಿ ಅಲ್ಲಿಗೆ ಬಂದ ‘ಪೆಟ್ರೀಷಿಯಾ ಓಲ್ಡೆನ್‌ಡಾರ್ಫ್’ ಸರಕು ಹಡಗಿನವರು ಮನಿಲಾದಲ್ಲಿ ಹೋಟೆಲ್ ಕ್ವಾರಂಟೈನ್ ಮುಗಿಸಿ ಹತ್ತಿದವರು, ಆದರೂ ಹೆಚ್ಚಿನವರಿಗೆ ಸೋಂಕಿತ್ತು. ಸಣ್ಣ ಆಸ್ಪತ್ರೆಯ ಊರಿನವನು ಇದನ್ನು ಓದಿ ‘ನಮ್ಮಲ್ಲಿಗೆ ಬೇಡಪ್ಪ’ ಎಂದರೆ ಅವನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ಇನ್ನು ಹಡಗಿನ ಮೇಲಿನವನ ಕಡೆ. ಅವನು ವಿಹಾರಕ್ಕೆ ಹೋದವನಲ್ಲ. ವಾರಕ್ಕೆ 72 ಗಂಟೆಯವರೆಗೆ ದುಡಿಸಲು ಕಾನೂನೇ ಅವಕಾಶ ಕೊಡುವ ಕೆಲಸವದು, ಭಾನುವಾರವೆಂಬುದು ಇಲ್ಲ. 2006ರ ಕಡಲ ಕಾರ್ಮಿಕ ಒಡಂಬಡಿಕೆಯ ಪ್ರಕಾರ ಒಬ್ಬನನ್ನು ಒಂದೇ ಸಮನೆ ಹಡಗಿನಲ್ಲಿ ಇಟ್ಟುಕೊಳ್ಳಬಹುದಾದದ್ದು ಹೆಚ್ಚೆಂದರೆ 11 ತಿಂಗಳು. ಭಾರತವೂ ಅದನ್ನು 2015ರಲ್ಲಿ ಅನುಮೋದಿಸಿದೆ. ಈ ಮಿತಿ ಬರಿಯ ಕರುಣೆಯಿಂದ ಹುಟ್ಟಿದ್ದಲ್ಲ. ಬಳಲಿದ ಕಣ್ಣು ರೇಡಾರ್ ನೋಡುತ್ತಿದ್ದರೆ ಅಪಾಯ ಕರಾವಳಿಗೂ ಉಂಟು. 2020ರ ಜುಲೈ 25ರಂದು ‘ವಾಕಾಶಿಯೊ’ ಹಡಗು ಮಾರಿಷಸ್‌ನ ಹವಳದ ದಿಬ್ಬಕ್ಕೆ ಬಡಿದು ಸುಮಾರು ಸಾವಿರ ಟನ್ ಎಣ್ಣೆ ಚೆಲ್ಲಿತು. ಮೊಬೈಲ್ ಸಿಗ್ನಲ್‌ಗಾಗಿ ಹಡಗು ದಡದ ಹತ್ತಿರಕ್ಕೆ ಸರಿದಿತ್ತು ಎಂದಿತು ಪನಾಮಾದ ತನಿಖೆ. ಅದು ಕರ್ತವ್ಯಲೋಪ, ಕೋವಿಡ್‌ನ ತಲೆಗೆ ಕಟ್ಟುವಂತಿಲ್ಲ. ಆದರೂ ಮನೆಯವರ ದನಿ ಕೇಳಲು ಹಡಗನ್ನೇ ದಡಕ್ಕೆ ತರಿಸುವ ಹಸಿವು ಎಂಥದೆಂದು ಅದರಿಂದ ತಿಳಿಯುತ್ತದೆ.

ಹಾಗಾದರೆ ಯಾರು ಸರಿ? ನನ್ನ ಮಟ್ಟಿಗೆ ಉತ್ತರ ಕ್ಯಾಲೆಂಡರಿನಲ್ಲಿದೆ. ಮಾರ್ಚ್, ಏಪ್ರಿಲ್‌ನಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ, ಮುಚ್ಚಿದ್ದನ್ನು ಕ್ಷಮಿಸಬಹುದು. ಮೇ ತಿಂಗಳಲ್ಲೇ ಕಡಲ ಸಂಸ್ಥೆ ಸಿಬ್ಬಂದಿ ಬದಲಾವಣೆಗೆ 12 ಹಂತಗಳ ಕ್ರಮವನ್ನು ಹೊರಡಿಸಿತ್ತು. ಭಾರತವೂ ಏಪ್ರಿಲ್ ಕೊನೆಗೇ, ಲಾಕ್‌ಡೌನ್ ನಡುವೆಯೇ, ಹತ್ತಿಳಿಯುವುದಕ್ಕೆ ನಿಯಮ ಮಾಡಿಕೊಂಡಿತು. ಡಿಸೆಂಬರ್ ಬರುವಷ್ಟರಲ್ಲಿ ‘ಕೈಮೀರಿದ ಪರಿಸ್ಥಿತಿ’ ಎಂಬ ನೆವ ಹಳಸಿತ್ತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ತಜ್ಞರ ಸಮಿತಿ ಹೇಳಿದ್ದೂ ಇದನ್ನೇ. ಹಾಂಗ್‌ಕಾಂಗ್‌ನ ಪಾಠವನ್ನೂ ನಾನು ಬೇರೆಯಾಗಿ ಓದುತ್ತೇನೆ: ಅಲ್ಲಿ ಎಡವಟ್ಟಾದದ್ದು ನಾವಿಕರನ್ನು ಇಳಿಸಿದ್ದರಿಂದ ಅಲ್ಲವೇ ಅಲ್ಲ, ಕ್ವಾರಂಟೈನ್ ಮಾಡಿಸದೆ ಇಳಿಸಿದ್ದರಿಂದ. ಪೋರ್ಟ್ ಹೆಡ್‌ಲ್ಯಾಂಡ್‌ನಲ್ಲಿ ಸೋಂಕಿತರನ್ನು ದಡದ ಹೋಟೆಲಿಗೆ ತಂದು ನೋಡಿಕೊಂಡರು. ಖರ್ಚಾಯಿತು, ಊರಿಗೆ ಆತಂಕವೂ ಆಯಿತು, ಆದರೆ ಅದು ಆಗುವ ಕೆಲಸವಾಗಿತ್ತು.

ಆ ಖರ್ಚು ಯಾರದು ಎಂಬಲ್ಲಿಗೆ ಬಂದಾಗ ಸರ್ಕಾರಗಳ ಹಿಂದೆ ಅಡಗಿದ್ದ ಇನ್ನೊಬ್ಬರು ಕಾಣಿಸುತ್ತಾರೆ. ಹಡಗನ್ನು ಬಾಡಿಗೆಗೆ ಹಿಡಿಯುವ ಕೆಲವು ಚಾರ್ಟರರ್‌ಗಳು ‘ನಮ್ಮ ಸರಕು ಇರುವಷ್ಟು ದಿನ ಸಿಬ್ಬಂದಿ ಬದಲಾವಣೆ ಕೂಡದು’ ಎಂದು ಒಪ್ಪಂದದಲ್ಲೇ ಬರೆಸಿಕೊಂಡರು. ಅವರಿಗೂ ಒಂದು ವಾದವಿದೆ: ಬಳಸುದಾರಿಯ ಒಂದೊಂದು ದಿನಕ್ಕೂ ಇಂಧನ, ಬಾಡಿಗೆ, ದಂಡ. ನಿಜ. ಆದರೆ ಊರಿನ ಜನರ ಪ್ರಾಣಭಯವನ್ನೂ ಈ ಲೆಕ್ಕವನ್ನೂ ಒಂದೇ ತಕ್ಕಡಿಯಲ್ಲಿ ಇಡಲು ನಾನು ತಯಾರಿಲ್ಲ. ಆಸ್ಟ್ರೇಲಿಯಾದ ಕಡಲ ಸುರಕ್ಷತಾ ಪ್ರಾಧಿಕಾರ ಸಿಬ್ಬಂದಿಯನ್ನು ಅತಿಯಾಗಿ ಉಳಿಸಿಕೊಂಡ ಹಡಗುಗಳನ್ನು ಬಂದರಿನಲ್ಲೇ ತಡೆದು ನಿಲ್ಲಿಸಿದಾಗ ಇಂಥವರಿಗೆ ಅರ್ಥವಾಗುವ ಭಾಷೆ ಸಿಕ್ಕಿತು. ಅತ್ತ ಅದೇ ದೇಶದ ಗಡಿಗಳು ಮುಚ್ಚಿದ್ದವು ಎಂಬ ವಿರೋಧಾಭಾಸ ಇದ್ದೇ ಇದೆ.

2021ರಲ್ಲಿ ಡೆಲ್ಟಾ ತಳಿ ಬಂದಾಗ ಸರದಿ ಭಾರತೀಯರದಾಯಿತು. ಇಲ್ಲಿಂದ ಹೊರಟ ನಾವಿಕರು ಬೇಡ ಎಂದಿತು ಸಿಂಗಾಪುರ. ಜೂನ್‌ನಲ್ಲಿ ವಿದೇಶಕ್ಕೆ ಕೆಲಸಕ್ಕೆ ಹೋಗುವವರಿಗೆ ಕೋವಿಶೀಲ್ಡ್‌ನ ಎರಡನೇ ಡೋಸ್ 84ರ ಬದಲು 28 ದಿನಕ್ಕೇ ಕೊಡಲು ಕೇಂದ್ರ ಒಪ್ಪಿತು. ಕೋವ್ಯಾಕ್ಸಿನ್ ಹಾಕಿಸಿಕೊಂಡವರ ಪಾಡು ಬೇರೆ: ನವೆಂಬರ್ 3ರಂದು ವಿಶ್ವ ಆರೋಗ್ಯ ಸಂಸ್ಥೆ ಆ ಲಸಿಕೆಯನ್ನು ಮಾನ್ಯ ಮಾಡುವವರೆಗೂ ಎಷ್ಟೋ ದೇಶಗಳ ಪಾಲಿಗೆ ಅವರು ಲಸಿಕೆಯೇ ಹಾಕಿಸಿಕೊಳ್ಳದವರು. ಊರಲ್ಲಿ ಕುಳಿತವನ ಸಂಬಳದ ಮಾತು ಬೇರೆ ಎತ್ತಬೇಕಿಲ್ಲ. ಕಾಂಟ್ರಾಕ್ಟ್ ಇದ್ದರೆ ಸಂಬಳ, ಇಲ್ಲದಿದ್ದರೆ ಸಾಲ.

ಆಮೇಲೆ ಕಾಗದದಲ್ಲಿ ಕೆಲಸ ನಡೆದಿದೆ. ಕಡಲ ಕಾರ್ಮಿಕ ಒಡಂಬಡಿಕೆಗೆ 2022ರಲ್ಲಿ ಒಪ್ಪಿದ ತಿದ್ದುಪಡಿ 2024ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದು, ಹಡಗಿನಲ್ಲಿ ಇಂಟರ್ನೆಟ್ ಸಂಪರ್ಕದ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತು. 2025ರಲ್ಲಿ ಇನ್ನೊಂದು ತಿದ್ದುಪಡಿ ನಾವಿಕರನ್ನು ಅಗತ್ಯ ಕೆಲಸಗಾರರೆಂದು ಗುರುತಿಸಿತು. ಹಾಗೆ ಗುರುತಿಸಿ ಎಂದು ವಿಶ್ವಸಂಸ್ಥೆಯ ಮಹಾಸಭೆ 2020ರ ಡಿಸೆಂಬರಿನಲ್ಲೇ ಕೇಳಿಕೊಂಡಿತ್ತು. ಅದಕ್ಕೂ ಎಷ್ಟೋ ಮೊದಲಿನ, 2005ರ ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳಲ್ಲೂ ರೋಗದ ಕಾರಣಕ್ಕೆ ಹಡಗನ್ನು ಬಂದರಿಗೆ ಬಾರದಂತೆ ತಡೆಯಕೂಡದು ಎಂದಿದೆ; ಜೊತೆಗೆ, ಬಂದರಿಗೆ ಅದಕ್ಕೆ ಬೇಕಾದ ಅನುಕೂಲ ಇಲ್ಲದಿದ್ದರೆ ಬೇರೆಡೆಗೆ ಕಳಿಸಬಹುದು ಎಂಬ ಕಿಂಡಿಯೂ ಇದೆ. 2020ರಲ್ಲಿ ಹಲವರು ನುಸುಳಿದ್ದು ಆ ಕಿಂಡಿಯಲ್ಲಿ. ಕಾರ್ಮಿಕ ಒಡಂಬಡಿಕೆಯ ಹೊಸ ತಿದ್ದುಪಡಿ ಅದನ್ನು ಮುಚ್ಚಿಲ್ಲ. ಬಂದರಿಗೆ ಒಂದಷ್ಟು ಹಾಸಿಗೆ, ಒಬ್ಬ ವೈದ್ಯ, ವಿಮಾನ ನಿಲ್ದಾಣದವರೆಗೆ ಒಂದು ಬಸ್ಸು ಇಟ್ಟುಕೊಳ್ಳುವ ಹಣ ಯಾರು ಕೊಡುತ್ತಾರೆ ಎಂದು ಅದರಲ್ಲಿ ಬರೆದಿಲ್ಲ.