ಪುಟ ಎಣಿಸಿ ಪಾಠಶಾಲೆ ತೆರೆಯುವವರಿಗೆ

ಸ್ವಯಂಸೇವಕರು ಸೇರಿ ಕಟ್ಟಿದ ಯಾವುದೇ ಕೆಲಸವನ್ನು ಸಾರ್ವಜನಿಕರಿಗೆ ತೆರೆಯುವ ಹೊತ್ತಿನಲ್ಲಿ ‘ಇದು ಸಿದ್ಧವಾಗಿದೆಯೇ?’ ಎಂಬ ಪ್ರಶ್ನೆ ಏಳುತ್ತದೆ. ಉತ್ತರವಾಗಿ ಬರುವುದು ಸಾಮಾನ್ಯವಾಗಿ ಒಂದು ಲೆಕ್ಕ. ಇಷ್ಟು ಪುಟಗಳಾಗಿವೆ, ಇಷ್ಟು ಮಂದಿ ಸದಸ್ಯರಿದ್ದಾರೆ, ತಿಂಗಳಿಗೆ ಇಷ್ಟು ತಿದ್ದುಪಡಿ ನಡೆಯುತ್ತಿವೆ, ಇನ್ನೇಕೆ ತಡ? ಲೆಕ್ಕವನ್ನೇ ನಂಬಿ ಅನ್ನ ತಿನ್ನುವ ವೃತ್ತಿ ನನ್ನದು. ಆದರೂ ಹೇಳುತ್ತೇನೆ: ಕಲಿಸುವುದಕ್ಕೆಂದೇ ಕಟ್ಟಿದ ವಿಕಿಯನ್ನು ತೆರೆಯಬೇಕೋ ಬೇಡವೋ ಎಂಬುದನ್ನು ಈ ಲೆಕ್ಕದಿಂದ ತೀರ್ಮಾನಿಸಲಾಗದು.

ಉದಾಹರಣೆಗೆ ಹಿಂದಿ ವಿಕಿವರ್ಸಿಟಿಯನ್ನೇ ತೆಗೆದುಕೊಳ್ಳೋಣ. ವಿಕಿಪೀಡಿಯ ವಿಶ್ವಕೋಶವಾದರೆ ವಿಕಿವರ್ಸಿಟಿ ಪಾಠಗಳ ಮನೆ. ಇಂಗ್ಲಿಷಿನಲ್ಲಿ ಅದು ಶುರುವಾದದ್ದು 2006ರಲ್ಲಿ. ಸ್ವಂತ ತಾಣವಿಲ್ಲದ ಭಾಷೆಗಳು ಬೀಟಾ ವಿಕಿವರ್ಸಿಟಿ ಎಂಬ ಪಡಸಾಲೆಯಲ್ಲಿ ತಮ್ಮ ಪುಟಗಳನ್ನು ಬೆಳೆಸಿ, ಬಲಿತ ಮೇಲೆ ಬೇರೆ ಮನೆ ಮಾಡುತ್ತವೆ. ಭಾರತದ ಭಾಷೆಗಳಲ್ಲಿ ಹಾಗೆ ಮೊದಲು ಹೊರಬಂದದ್ದು ಹಿಂದಿ, 2017ರಲ್ಲಿ. ಬೇರೆ ಮನೆಗೆ ಅಪ್ಪಣೆ ಕೊಡುವುದು ವಿಕಿಮೀಡಿಯದ ಭಾಷಾ ಸಮಿತಿ. ಅದು ನೋಡುವ ಸಂಗತಿಗಳು ಮುಖ್ಯವಾಗಿ ಮೂರು. ಒಬ್ಬನೇ ಅಲ್ಲದೆ ಒಂದು ಗುಂಪು ಕೆಲವು ತಿಂಗಳು ಬಿಡದೆ ಬರೆಯುತ್ತಿದೆಯೇ? ತಾಣದ ಗುಂಡಿ, ಸೂಚನೆಗಳು ಆ ಭಾಷೆಗೆ ಅನುವಾದವಾಗಿವೆಯೇ? ಬರೆದದ್ದು ನಿಜವಾಗಿಯೂ ಆ ಭಾಷೆಯೇ?

ಮೂರೂ ಒಳ್ಳೆಯ ಪ್ರಶ್ನೆಗಳೇ. ಆದರೆ ಮೂರೂ ಬರೆಯುವವನ ಕುರಿತಾದವು. ಓದುವವನು, ಅಂದರೆ ಕಲಿಯಲು ಬರುವವನು, ಈ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಹಿಂದಿಯವರು ಆಗ ತೆರೆದದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ. ವಿಶ್ವಕೋಶಕ್ಕೆ ಹೊಂದುವ ಅಳತೆಗೋಲನ್ನು ಪಾಠಶಾಲೆಗೂ ಹಿಡಿಯುವುದು ತಪ್ಪು ಎನ್ನುವುದೇ ನನ್ನ ತಕರಾರು.

ಎರಡಕ್ಕೂ ಇರುವ ವ್ಯತ್ಯಾಸ ಸಣ್ಣದಲ್ಲ. ವಿಶ್ವಕೋಶ ಅರ್ಧ ಖಾಲಿ ಇದ್ದರೂ ನಡೆಯುತ್ತದೆ. ಗಂಗಾ ನದಿಯ ಪುಟ ಇದ್ದು ಯಮುನೆಯ ಪುಟ ಇಲ್ಲದಿದ್ದರೆ, ಗಂಗೆಯನ್ನು ಹುಡುಕಿ ಬಂದವನಿಗೆ ನಷ್ಟವಿಲ್ಲ. ಪಾಠ ಹಾಗಲ್ಲ. ಸವಕಳಿಯ ಪಾಠ ಎಷ್ಟೇ ಸೊಗಸಾಗಿರಲಿ, ಜರ್ನಲ್ ಎಂಟ್ರಿ ಬರೆಯುವ ಪಾಠ ಅದಕ್ಕೆ ಮುಂಚೆ ಇಲ್ಲದಿದ್ದರೆ ಆ ಪುಟದಿಂದ ಯಾರಿಗೂ ಏನೂ ಸಿಗದು. ನೂರು ಮೆಟ್ಟಿಲು ಮಾಡಿಟ್ಟಿದ್ದೇವೆ ಅನ್ನಬಹುದು. ನಾಲ್ಕನೆಯದು, ಹನ್ನೊಂದನೆಯದು, ಮೂವತ್ತನೆಯದು ಇಲ್ಲದಿದ್ದರೆ ಅದನ್ನು ಏಣಿ ಎನ್ನಲಾಗುವುದಿಲ್ಲ.

ಪದಗಳ ತೊಂದರೆ ಇದಕ್ಕಿಂತ ದೊಡ್ಡದು. ಹಿಂದಿ ಮಾಧ್ಯಮದಲ್ಲಿ ಕಾಮರ್ಸ್ ಓದುವ ಹುಡುಗನ ಪಠ್ಯದಲ್ಲಿ ಡೆಬಿಟ್‌ಗೆ ‘ನಾಮೇ’, ಕ್ರೆಡಿಟ್‌ಗೆ ‘ಜಮಾ’, ಟ್ರಯಲ್ ಬ್ಯಾಲೆನ್ಸ್‌ಗೆ ‘ತಲ್‌ಪಟ್’, ಬ್ಯಾಲೆನ್ಸ್ ಶೀಟಿಗೆ ‘ತುಲನ್ ಪತ್ರ’ ಎಂದಿರುತ್ತದೆ. ಪರಿಭಾಷೆಯನ್ನು ನಿಗದಿ ಮಾಡಲೆಂದೇ ಕೇಂದ್ರ ಸರ್ಕಾರ 1961ರಲ್ಲಿ ವೈಜ್ಞಾನಿಕ ಮತ್ತು ತಾಂತ್ರಿಕ ಪರಿಭಾಷಾ ಆಯೋಗವನ್ನು ರಚಿಸಿತು. ಆದರೆ ಅಂಗಡಿಯಲ್ಲಿ, ಆಫೀಸಿನಲ್ಲಿ ಯಾರೂ ‘ತುಲನ್ ಪತ್ರ’ ತಾ ಎನ್ನುವುದಿಲ್ಲ; ಬ್ಯಾಲೆನ್ಸ್ ಶೀಟ್ ಎಂದೇ ಕೇಳುತ್ತಾರೆ. ಹತ್ತು ಜನ ಸ್ವಯಂಸೇವಕರು ಹತ್ತು ಊರಿನಲ್ಲಿ ಕುಳಿತು ಬರೆದಾಗ ಒಬ್ಬರು ಆಯೋಗದ ಪದ ಬಳಸುತ್ತಾರೆ, ಒಬ್ಬರು ಇಂಗ್ಲಿಷ್ ಪದ, ಮತ್ತೊಬ್ಬರು ತಾವೇ ಹೊಸೆದದ್ದು. ತಿಳಿದವನು ಮೂರೂ ಒಂದೇ ಎಂದು ಊಹಿಸಿಕೊಳ್ಳುತ್ತಾನೆ. ಕಲಿಯುವವನು ಮೂರು ಬೇರೆ ಬೇರೆ ಸಂಗತಿಗಳೆಂದು ತಿಳಿದು ಮೂರನ್ನೂ ಬಾಯಿಪಾಠ ಮಾಡುತ್ತಾನೆ. ಪುಟಗಳ ಎಣಿಕೆಯಲ್ಲಿ ಈ ದೋಷ ಕಾಣುವುದೇ ಇಲ್ಲ.

ಬಿಕಾಂ ಮೊದಲ ವರ್ಷದಲ್ಲೇ ನಮಗೆ ಕಲಿಸುವ ಒಂದು ಮಾತಿದೆ. ಟ್ರಯಲ್ ಬ್ಯಾಲೆನ್ಸಿನ ಎರಡು ಬದಿ ತಾಳೆಯಾದರೆ ಕೂಡುವ ಕಳೆಯುವ ಕೆಲಸ ಸರಿಯಿದೆ ಎಂದರ್ಥ, ಲೆಕ್ಕ ಸರಿಯಿದೆ ಎಂದಲ್ಲ. ಬರೆಯದೇ ಬಿಟ್ಟ ವ್ಯವಹಾರ ಅದರಲ್ಲಿ ಸಿಕ್ಕಿಬೀಳದು. ಯಂತ್ರ ಕೊಂಡ ಹಣವನ್ನು ರಿಪೇರಿ ಖರ್ಚಿಗೆ ಹಾಕಿದರೂ ತಾಳೆಯಾಗುತ್ತದೆ. ಒಂದು ತಪ್ಪು ಇನ್ನೊಂದನ್ನು ಮುಚ್ಚಿದರೂ ತಾಳೆಯಾಗುತ್ತದೆ. ಪುಟಸಂಖ್ಯೆ, ಸದಸ್ಯರ ಸಂಖ್ಯೆ ಇವೆಲ್ಲ ವಿಕಿಯ ಟ್ರಯಲ್ ಬ್ಯಾಲೆನ್ಸ್ ಇದ್ದ ಹಾಗೆ. ತಾಳೆಯಾಯಿತೆಂದು ಸಹಿ ಹಾಕಿ ಎದ್ದುಹೋಗುವ ಆಡಿಟರನ್ನು ಯಾವ ಕಂಪನಿಯೂ ಮೆಚ್ಚಬಾರದು.

ಇದು ಬರೀ ಊಹೆಯ ಭಯವೆಂದು ಭಾವಿಸಬೇಡಿ. ಸ್ಕಾಟ್ಸ್ ಭಾಷೆಯ ವಿಕಿಪೀಡಿಯದ ಕಥೆ 2020ರಲ್ಲಿ ಬಯಲಾಯಿತು. ಅಲ್ಲಿನ ಸಾವಿರಾರು ಪುಟಗಳನ್ನು ಬರೆದವನು ಆ ಭಾಷೆಯೇ ಬಾರದ ಒಬ್ಬ ಅಮೆರಿಕನ್ ಹುಡುಗ. ಇಂಗ್ಲಿಷ್ ವಾಕ್ಯದಲ್ಲಿ ಒಂದೆರಡು ಪದ ಬದಲಿಸಿ ಸ್ಕಾಟ್ಸ್ ಎಂದು ಹಾಕುತ್ತಿದ್ದ. ವರ್ಷಗಟ್ಟಲೆ ಪುಟಸಂಖ್ಯೆ ಏರುತ್ತಲೇ ಇತ್ತು. ನಮ್ಮ ಮನೆಯ ಮಾತೇ ಬೇಕೆಂದರೆ, 2009-10ರ ಸುಮಾರಿಗೆ ಗೂಗಲ್ ತನ್ನ ಅನುವಾದ ಸಾಧನವನ್ನು ಬಳಸಿ, ಹಣಕೊಟ್ಟು, ಭಾರತದ ಹಲವು ಭಾಷೆಗಳ ವಿಕಿಪೀಡಿಯಗಳಿಗೆ ಇಂಗ್ಲಿಷಿನಿಂದ ಲೇಖನ ತುಂಬಿಸಿತು. ಬಂಗಾಳಿ ಸಮುದಾಯ ಬೇಡವೆಂದು ತಡೆಯಿತು. ಕನ್ನಡದಲ್ಲಿ ಲೇಖನಗಳು ಬಂದು ಕುಳಿತವು. ಒಂದು ವಾಕ್ಯದ ಕರ್ತೃವನ್ನು ಹುಡುಕಲು ಎರಡು ಸಲ ಓದಬೇಕಾದ ಕನ್ನಡ ಅದು. ಎಣಿಕೆಗೆ ಸಿಕ್ಕಿದ ಲಾಭವನ್ನು ಓದುಗನ ಲೆಕ್ಕದಲ್ಲಿ ನಷ್ಟವೆಂದೇ ಬರೆಯಬೇಕು.

‘ಮೊದಲು ತೆರೆಯಿರಿ, ಜನ ತಾನಾಗಿ ಬರುತ್ತಾರೆ’ ಎನ್ನುವವರ ವಾದದಲ್ಲಿ ಅರ್ಧ ಸತ್ಯವಿದೆ. ಪಡಸಾಲೆಯಲ್ಲಿರುವ ಪುಟಗಳು ಹುಡುಕಿದವರ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ, ಸ್ವಂತ ವಿಳಾಸವಿಲ್ಲದ ಕೆಲಸಕ್ಕೆ ಹೊಸಬರು ಉತ್ಸಾಹದಿಂದ ಕೈಹಾಕುವುದಿಲ್ಲ. ನಮ್ಮ ಕರಾವಳಿಯ ತುಳು ವಿಕಿಪೀಡಿಯ ಹಲವು ವರ್ಷ ಹಾಗೆ ಕಾದು 2016ರಲ್ಲಿ ಹೊರಬಂತು. ಅಷ್ಟು ಕಾಲ ಕಾಯಿಸುವುದು ನ್ಯಾಯವೇ ಎಂದು ಕೇಳಿದರೆ ನನ್ನ ಬಳಿಯೂ ಸಮರ್ಥನೆಯಿಲ್ಲ. ಆದರೆ ಅದು ವಿಶ್ವಕೋಶ. ಮೊದಲ ದಿನ ಬಂದ ಓದುಗನಿಗೆ ಒಂದು ಪುಟ ಸಿಕ್ಕರೂ ಕೆಲಸವಾಯಿತು. ಪಾಠಶಾಲೆಗೆ ಮೊದಲ ದಿನ ಬಂದವನಿಗೆ ಮೂರನೆಯ ಪಾಠ ‘ಇನ್ನೂ ಬರೆಯಬೇಕಿದೆ’ ಎಂದು ಕಂಡರೆ ಅವನು ನಾಲ್ಕನೆಯ ದಿನ ಬರುವುದಿಲ್ಲ. ಬೇರೆಯವರಿಗೂ ಹೋಗಬೇಡಿ ಎನ್ನುತ್ತಾನೆ.

ಹಾಗಾದರೆ ಎಲ್ಲ ಮುಗಿಯುವವರೆಗೆ ಬಾಗಿಲು ಮುಚ್ಚಿರಬೇಕೇ? ಬೇಡ. ಸ್ಥಿರಾಸ್ತಿಗಳ ಅಂತರರಾಷ್ಟ್ರೀಯ ಲೆಕ್ಕ ಮಾನದಂಡ ಐಎಎಸ್ 16ರಲ್ಲಿ ಇದಕ್ಕೆ ಹೊಂದುವ ವಿವೇಕವಿದೆ. ಒಂದು ಯಂತ್ರದ ಸವಕಳಿ ಯಾವಾಗ ಶುರು? ಉದ್ಘಾಟನೆಯ ದಿನವಲ್ಲ, ಗಿರಾಕಿಗಳು ಬರಲಾರಂಭಿಸಿದ ದಿನವೂ ಅಲ್ಲ. ಯಾವ ಕೆಲಸಕ್ಕೆಂದು ತಂದೆವೋ ಆ ಕೆಲಸ ಮಾಡಬಲ್ಲ ಸ್ಥಿತಿಗೆ, ಮಾಡಬೇಕಾದ ಜಾಗದಲ್ಲಿ, ಅದು ಬಂದ ದಿನ. ಅಲ್ಲಿಯವರೆಗೆ ಅದು ನಿರ್ಮಾಣ ಹಂತದ ಆಸ್ತಿ. ಇಲ್ಲಿಯೂ ಅದೇ ಪ್ರಶ್ನೆ ಕೇಳಿ. ಕಲಿಸುವ ವಿಕಿ ತಂದದ್ದು ಕಲಿಸುವುದಕ್ಕೆ. ಒಬ್ಬ ವಿದ್ಯಾರ್ಥಿ ಮೊದಲ ಪಾಠದಿಂದ ಕೊನೆಯ ಅಭ್ಯಾಸದವರೆಗೆ, ಬೇರೆ ಪುಸ್ತಕ ತೆರೆಯದೆ, ಮುಗಿಸಬಹುದಾದ ಒಂದು ಕೋರ್ಸ್ ಇದೆಯೇ? ಒಂದಿದ್ದರೆ ಸಾಕು, ತೆರೆಯಿರಿ. ಸಾವಿರ ಪುಟವಿದ್ದು ಅದೊಂದು ಇಲ್ಲದಿದ್ದರೆ ತೆರೆಯಬೇಡಿ. ನೋಡಿ, ನಾನು ಹೆಚ್ಚು ಕೆಲಸ ಕೇಳುತ್ತಿಲ್ಲ. ಹನ್ನೆರಡು ಒಳ್ಳೆಯ ಪಾಠ ಸಾಕು ಎನ್ನುತ್ತಿದ್ದೇನೆ.

ಎರಡನೆಯ ಪ್ರಶ್ನೆ ನಾಳಿನದು. ಕಂಪನಿಯ ಲೆಕ್ಕಕ್ಕೆ ಸಹಿ ಹಾಕುವ ಮುನ್ನ ಆಡಿಟರ್ ಕನಿಷ್ಠ 12 ತಿಂಗಳು ಮುಂದೆ ನೋಡಿ, ಈ ಸಂಸ್ಥೆ ನಡೆದುಕೊಂಡು ಹೋಗಬಲ್ಲದೇ ಎಂದು ಪರೀಕ್ಷಿಸಬೇಕು. ಸ್ವಯಂಸೇವಕರ ಕೂಟಕ್ಕೆ ಈ ಪರೀಕ್ಷೆ ಇನ್ನೂ ಅಗತ್ಯ. ಇಂದು ಉತ್ಸಾಹದಿಂದ ಬರೆಯುವ ಹುಡುಗನಿಗೆ ಮುಂದಿನ ವರ್ಷ ಪರೀಕ್ಷೆ ಬರುತ್ತದೆ, ನೌಕರಿ ಸಿಗುತ್ತದೆ, ಮದುವೆಯಾಗುತ್ತದೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ಕಾವಲಿಲ್ಲದ ವಿಕಿಗೆ ಯಾರು ಬೇಕಾದರೂ ಬಂದು ಏನು ಬೇಕಾದರೂ ಬರೆದು ಹೋಗಬಹುದು. ವಿಶ್ವಕೋಶದಲ್ಲಿ ತಪ್ಪು ಇಸವಿ ಕಂಡರೆ ಓದುಗ ಇನ್ನೊಂದು ಕಡೆ ನೋಡುತ್ತಾನೆ. ಉತ್ತರವನ್ನು ಯಾರೋ ತಿರುಚಿಟ್ಟರೆ ಕಲಿಯುವವನಿಗೆ ಗೊತ್ತಾಗುವುದಿಲ್ಲ. ಗೊತ್ತಾಗುವಂತಿದ್ದರೆ ಅವನು ಕಲಿಯಲು ಬರುತ್ತಲೇ ಇರಲಿಲ್ಲ. ಹಾಗಾಗಿ ಬರೆಯುವವರು ಎಷ್ಟು ಎಂಬುದಕ್ಕಿಂತ, ಇತರರು ಬರೆದದ್ದನ್ನು ಓದಿ ತಿದ್ದಬಲ್ಲವರು ಎಷ್ಟು, ಅವರಲ್ಲಿ ಒಬ್ಬರು ಬಿಟ್ಟುಹೋದರೆ ಕೆಲಸ ನಿಲ್ಲುತ್ತದೆಯೇ ಎಂಬುದನ್ನು ಕೇಳಬೇಕು.

‘ಹಿಂದಿಗೆ ಜನಬಲವಿದೆ, ಈ ಚಿಂತೆಯೇಕೆ?’ ಎನ್ನುವವರು ಉಂಟು. 2011ರ ಜನಗಣತಿಯಂತೆ ಹಿಂದಿ ಮಾತೃಭಾಷೆಯವರು ಸುಮಾರು 52.8 ಕೋಟಿ. ಭೋಜಪುರಿ, ರಾಜಸ್ಥಾನಿ, ಛತ್ತೀಸ್‌ಗಢಿ ಎಂದು ಬರೆಸಿದವರನ್ನೂ ಸೇರಿಸಿದ ಲೆಕ್ಕ ಅದು ಎನ್ನುವುದು ಬೇರೆ ಮಾತು. ಆಡುವವರು ಕೋಟಿಗಟ್ಟಲೆ ಇದ್ದರೆಂದು ಸಂಜೆ ಕುಳಿತು ಅಭ್ಯಾಸದ ಉತ್ತರ ಸರಿ ನೋಡುವವರು ಹುಟ್ಟಿಕೊಳ್ಳುವುದಿಲ್ಲ. ಆ ಕೋಟಿಗಳು ಹೇಳುವುದು ಬೇರೆಯೇ ಸಂಗತಿ: ಕಾಯುತ್ತಿರುವವರು ಬಹಳ ಇದ್ದಾರೆ. ಸಿಎ ಪರೀಕ್ಷೆಯನ್ನು ಇಂಗ್ಲಿಷ್ ಬಿಟ್ಟರೆ ಬರೆಯಬಹುದಾದ ಭಾಷೆ ಹಿಂದಿ. ಕೋಚಿಂಗ್ ಫೀ ಕಟ್ಟಲಾಗದೆ ಸಣ್ಣ ಊರಿನಲ್ಲಿ ಫೋನ್ ಹಿಡಿದು ಕುಳಿತವನಿಗೆ ಪುಕ್ಕಟೆ ಸಿಗುವ ಪಾಠ ಸಣ್ಣ ವಿಷಯವಲ್ಲ. ಅವನು ನಂಬಿ ಕಲಿತದ್ದು ತಪ್ಪಾದರೆ ದಂಡ ಕಟ್ಟುವವನು ಅವನು, ಒಂದು ಪರೀಕ್ಷೆಯ ರೂಪದಲ್ಲಿ, ಕಳೆದುಹೋದ ತಿಂಗಳುಗಳ ರೂಪದಲ್ಲಿ. ‘ಪುಕ್ಕಟೆ ದುಡಿಯುವವರನ್ನು ಇಷ್ಟೊಂದು ಕೇಳಬೇಡಿ’ ಎನ್ನುವವರಿಗೆ ನನ್ನ ಉತ್ತರವೂ ಇದೇ. ದುಡಿಯುವವರು ಪುಕ್ಕಟೆ ದುಡಿಯುತ್ತಾರೆ, ಕಲಿಯುವವನು ಪುಕ್ಕಟೆ ಕಲಿಯುವುದಿಲ್ಲ. ಅವನು ಕಾಲವನ್ನು ಕೊಡುತ್ತಾನೆ.

ಹಿಂದಿಯ ಗೊಡವೆ ಕನ್ನಡಿಗನಿಗೇಕೆ ಎಂದು ಕೇಳುವಿರಾದರೆ, ಕನ್ನಡಕ್ಕೆ ಇನ್ನೂ ವಿಕಿವರ್ಸಿಟಿ ಇಲ್ಲ, ಮುಂದೊಂದು ದಿನ ಇದೇ ಪ್ರಶ್ನೆ ನಮ್ಮೆದುರು ನಿಲ್ಲುತ್ತದೆ. ಆಗ ನಾವೇನು ಮಾಡುತ್ತೇವೆ ಎಂಬುದನ್ನು ಹೊರನಾಡಿನಲ್ಲಿರುವವರು ಬಲ್ಲೆವು. ನವೆಂಬರ್ ಹತ್ತಿರ ಬಂದಂತೆ ತಾರೀಖು ಮೊದಲು ಗೊತ್ತಾಗುತ್ತದೆ, ಅತಿಥಿಗಳು ಆಮೇಲೆ, ಲೋಗೋ ಅದರ ಬೆನ್ನಿಗೆ. ಪಾಠ ಕೊನೆಗೆ. ಕೊಲ್ಲಿಯ ಊರುಗಳಲ್ಲಿ ವಾರಾಂತ್ಯಕ್ಕೆ ಮಕ್ಕಳಿಗೆ ಕನ್ನಡ ಕಲಿಸುವ ತಾಯಂದಿರನ್ನು ನೋಡಿ. ಅವರು ದೀಪ ಬೆಳಗಿದ್ದಕ್ಕಿಂತ ಹೆಚ್ಚಾಗಿ, ಮುಂದಿನ ಶುಕ್ರವಾರ ತಾನು ಬಾರದಿದ್ದರೆ ಯಾರು ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡವರು. ಅವರ ತರಗತಿ ಉಳಿದದ್ದು ಅದರಿಂದ.

ಹಾಗಾಗಿ ಹಿಂದಿಯಿರಲಿ, ಕನ್ನಡವಿರಲಿ, ತೀರ್ಮಾನಿಸುವ ಸಭೆಗೆ ನನ್ನ ಸಲಹೆ ಇಷ್ಟೇ. ಅಂಕಿಅಂಶದ ಹಾಳೆಯನ್ನು ಪಕ್ಕಕ್ಕಿಡಿ. ಆ ವಿಷಯ ಗೊತ್ತಿಲ್ಲದ, ನಿಮ್ಮ ಕೂಟಕ್ಕೆ ಸೇರದ ಒಬ್ಬ ವಿದ್ಯಾರ್ಥಿಯನ್ನು ಕರೆತನ್ನಿ. ಒಂದು ಕೋರ್ಸನ್ನು ಅವನ ಕೈಗೆ ಕೊಟ್ಟು, ಯಾರೂ ಸಹಾಯ ಮಾಡದೆ ಬಿಡಿ. ಎಲ್ಲಿ ನಿಂತ, ಯಾವ ಪದಕ್ಕೆ ತಡವರಿಸಿದ, ಯಾವ ಉತ್ತರ ತಾಳೆಯಾಗಲಿಲ್ಲ ಎಂದು ಬರೆದುಕೊಳ್ಳಿ. ಅವನು ಕೊನೆಯವರೆಗೆ ಹೋದರೆ ಆ ವಾರವೇ ತೆರೆಯಿರಿ; ಪುಟ ಐವತ್ತೇ ಇರಲಿ, ಸಮಿತಿಯೊಡನೆ ಜಗಳವಾಡಿಯಾದರೂ ತೆರೆಯಿರಿ. ಅವನು ನಡುವೆ ನಿಂತರೆ, ನಿಂತ ಜಾಗವನ್ನು ಸರಿಮಾಡುವವರೆಗೆ ಐದು ಸಾವಿರ ಪುಟವಿದ್ದರೂ ಬೀಗ ಹಾಗೇ ಇರಲಿ.